ಪಕ್ಷಗಳು ಜಗಳವಾಡಿದರೆ ಮುಖಪುಟ, ಒಂದಾದರೆ ಮೌನ: ಮಾಧ್ಯಮದ ಪಕ್ಷಪಾತವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಿಧಾನ ಓದುಗ

ನಮ್ಮ ಮನೆಗೆ ಎರಡು ಪತ್ರಿಕೆಗಳು ಬರುತ್ತವೆ. ಒಂದರ ಒಲವು ಯಾವ ಕಡೆಗೆ, ಇನ್ನೊಂದರದು ಯಾವ ಕಡೆಗೆ ಎಂಬುದು ಹತ್ತು ವರ್ಷ ಓದಿದವನಿಗೆ ಗೊತ್ತಾಗದೆ ಇರುವುದಿಲ್ಲ. ಪಕ್ಷಾಂತರಕ್ಕೆ ಸಂಬಂಧಿಸಿದ ಸುದ್ದಿಗಳನ್ನು ಕತ್ತರಿಸಿ ಕಡತದಲ್ಲಿ ಅಂಟಿಸಿಡುವುದು ನನ್ನ ಹಳೆಯ ಚಟ. ಇತ್ತೀಚೆಗೆ ಅದನ್ನು ತಿರುವಿ ಹಾಕುವಾಗ 2019ರ ಎರಡು ಪ್ರಕರಣಗಳು ಅಕ್ಕಪಕ್ಕದಲ್ಲಿ ಸಿಕ್ಕವು. ಆ ವರ್ಷದ ಜುಲೈನಲ್ಲಿ ಗೋವಾದ 15 ಕಾಂಗ್ರೆಸ್ ಶಾಸಕರ ಪೈಕಿ 10 ಮಂದಿ ಬಿಜೆಪಿಯಲ್ಲಿ ವಿಲೀನವಾದರು. ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಿಎಸ್‌ಪಿಯ ಆರಕ್ಕೆ ಆರೂ ಶಾಸಕರು ಕಾಂಗ್ರೆಸ್ಸಿನಲ್ಲಿ ವಿಲೀನವಾದರು. ಎರಡೂ ಕಡೆ ಆಶ್ರಯಿಸಿದ್ದು ಒಂದೇ ದಾರಿಯನ್ನು, ಅಂದರೆ ಸಂವಿಧಾನದ ಹತ್ತನೇ ಅನುಸೂಚಿಯು (ಪಕ್ಷಾಂತರ ನಿಷೇಧ ಕಾನೂನು) ಮೂರನೇ ಎರಡರಷ್ಟು ಶಾಸಕರ ವಿಲೀನಕ್ಕೆ ಕೊಟ್ಟಿರುವ ವಿನಾಯಿತಿಯನ್ನು.

ಆದರೆ ನನ್ನ ಒಂದು ಪತ್ರಿಕೆಗೆ ಗೋವಾದ್ದು ‘ಪ್ರಜಾಪ್ರಭುತ್ವದ ಕಗ್ಗೊಲೆ’, ರಾಜಸ್ಥಾನದ್ದು ‘ಸರ್ಕಾರಕ್ಕೆ ಮತ್ತಷ್ಟು ಬಲ’. ಇನ್ನೊಂದು ಪತ್ರಿಕೆಯಲ್ಲಿ ಇದೇ ಪದಗಳು ಅದಲುಬದಲಾಗಿದ್ದವು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಪಕ್ಷದ ವಕ್ತಾರರು ಹೀಗೆ ಮಾತನಾಡಿದರೆ ನನಗೆ ಆಶ್ಚರ್ಯವಿಲ್ಲ, ಅವರ ಕೆಲಸವೇ ಅದು. ಪತ್ರಿಕೆ ಯಾಕೆ ಹಾಗೆ ಬರೆಯಬೇಕು? ‘ಮಾರಾಟವಾದ ಮಾಧ್ಯಮ’ ಎಂದು ಬೈದು ಸುಮ್ಮನಾಗುವುದನ್ನು ಬಿಟ್ಟು, ಪಕ್ಷಪಾತವನ್ನು ಗುರುತಿಸುವುದಕ್ಕೆ ಸಾಮಾನ್ಯ ಓದುಗನ ಕೈಗೆ ಎಟುಕುವ ಅಳತೆಗೋಲು ಯಾವುದಾದರೂ ಇದೆಯೇ ಎಂಬುದು ನನ್ನ ಪ್ರಶ್ನೆ.

ಉತ್ತರ 1: ಮಾಜಿ ಉಪಸಂಪಾದಕ

ಒಂದು ದಿನಪತ್ರಿಕೆಯ ರಾತ್ರಿಪಾಳಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಪತ್ರಿಕೆಯ ಹೆಸರು ಇಲ್ಲಿ ಬೇಡ. ತಾವು ಹೇಳುವ ಪದಗಳ ಅದಲುಬದಲು ಮಾಲೀಕರು ಫೋನ್ ಮಾಡಿ ಹೇಳಿದ್ದರಿಂದ ಆಗುವುದು ಎಂದು ಹೊರಗಿನವರು ಭಾವಿಸುತ್ತಾರೆ. ಫೋನ್ ಬರುವುದುಂಟು, ಇಲ್ಲವೆನ್ನುವುದಿಲ್ಲ, ಆದರೆ ಅದು ಅಪರೂಪ. ಹೆಚ್ಚಿನ ದಿನಗಳಲ್ಲಿ ಯಾರೂ ಏನನ್ನೂ ಹೇಳಬೇಕಾಗುವುದಿಲ್ಲ. ಒಮ್ಮೆ ಶಾಸಕರ ರಾಜೀನಾಮೆಯ ಸುದ್ದಿಗೆ ನಾನು ‘ಆಮಿಷ’ ಎಂಬ ಪದವಿದ್ದ ತಲೆಬರಹ ಕೊಟ್ಟಿದ್ದೆ. ಪುಟ ಮುದ್ರಣಕ್ಕೆ ಹೋಗಲು ಇಪ್ಪತ್ತು ನಿಮಿಷ ಇರುವಾಗ ಪಾಳಿಯ ಮುಖ್ಯಸ್ಥರು ಅದನ್ನು ಹೊಡೆದುಹಾಕಿ ‘ಅಸಮಾಧಾನ’ ಎಂದು ಬರೆದರು. ಕಾರಣ ಕೇಳಿದ್ದಕ್ಕೆ, ಆಮಿಷಕ್ಕೆ ಸಾಕ್ಷಿ ಎಲ್ಲಿದೆ ಎಂದರು. ಮಾತು ನ್ಯಾಯವಾದದ್ದೇ. ಆದರೆ ಕೆಲವು ತಿಂಗಳ ಹಿಂದೆ ಇನ್ನೊಂದು ಪಕ್ಷದ ವಿಷಯದಲ್ಲಿ ಅದೇ ಪದ ಅದೇ ಮೇಜಿನಿಂದ, ಯಾವ ಸಾಕ್ಷಿಯನ್ನೂ ಕೇಳದೆ, ದಪ್ಪಕ್ಷರದಲ್ಲಿ ಮುದ್ರಣಕ್ಕೆ ಹೋಗಿತ್ತು. ನನ್ನ ಅನುಭವದಲ್ಲಿ ಪಕ್ಷಪಾತ ಇರುವುದು ಇಲ್ಲಿ. ಎರಡೂ ಸುದ್ದಿಗಳು ಸತ್ಯವೇ. ಸಾಕ್ಷಿ ಕೇಳುವ ನಿಯಮ ಮಾತ್ರ ಒಬ್ಬರಿಗೆ ಉಂಟು, ಇನ್ನೊಬ್ಬರಿಗೆ ಇಲ್ಲ.

ಇನ್ನೊಂದು ಸಂಗತಿ ಇದೆ. ಪುಟದ ನಕ್ಷೆ ನಮ್ಮ ಮೇಜಿಗೆ ಬರುವಾಗ ಜಾಹೀರಾತುಗಳು ಅದರಲ್ಲಿ ಮೊದಲೇ ಕೂತಿರುತ್ತವೆ, ಉಳಿದ ಜಾಗವಷ್ಟೇ ಸುದ್ದಿಗೆ. ಆ ಜಾಹೀರಾತುಗಳಲ್ಲಿ ಸರ್ಕಾರದ ಪಾಲು ದೊಡ್ಡದು. 2015ರ ಮೇ 13ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಯವರನ್ನು ಬಿಟ್ಟು ಬೇರೆ ಅಧಿಕಾರಸ್ಥರ ಭಾವಚಿತ್ರ ಇರಕೂಡದು ಎಂದು ಹೇಳಿತು. ಅದನ್ನು ಮರುಪರಿಶೀಲಿಸಬೇಕೆಂದು ಕೇಂದ್ರವೂ, ಬೇರೆ ಬೇರೆ ಪಕ್ಷಗಳ ಆಡಳಿತದಲ್ಲಿದ್ದ ರಾಜ್ಯಗಳೂ ನ್ಯಾಯಾಲಯದ ಬಾಗಿಲಿಗೆ ಹೋದವು. 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಗಳು ಮತ್ತು ಸಚಿವರ ಚಿತ್ರಗಳಿಗೆ ಅನುಮತಿ ಮರಳಿ ಸಿಕ್ಕಿತು. ಆ ವಿಚಾರದಲ್ಲಿ ಪಕ್ಷಗಳ ನಡುವೆ ಒಂದು ಸಣ್ಣ ಭಿನ್ನಮತವೂ ಕಾಣಿಸಲಿಲ್ಲ.

ಉತ್ತರ 2: ಮಸಿಕುಡಿಕೆ

ಹಿಂದಿನವರ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಜವಾದ ಅಳತೆಗೋಲು ಅಲ್ಲಿದೆ ಎಂದು ನನಗನಿಸುತ್ತದೆ. ನಾವು ಪಕ್ಷಪಾತವನ್ನು ಹುಡುಕುವುದು ಪಕ್ಷಗಳು ಜಗಳವಾಡುವ ಸುದ್ದಿಗಳಲ್ಲಿ. ಪಕ್ಷಗಳು ಸದ್ದಿಲ್ಲದೆ ಕೈಜೋಡಿಸಿದ ಸಂಗತಿಗಳು ಎಷ್ಟು ಕಾಲಂ ಪಡೆದವು, ಎಷ್ಟು ದಿನ ಬದುಕಿದವು ಎಂಬುದನ್ನು ನೋಡುವುದೇ ಇಲ್ಲ.

ಮಾಹಿತಿ ಹಕ್ಕಿನ ಉದಾಹರಣೆಯನ್ನೇ ನೋಡಿ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗವು ಕಾಂಗ್ರೆಸ್, ಬಿಜೆಪಿ, ಸಿಪಿಐ, ಸಿಪಿಎಂ, ಎನ್‌ಸಿಪಿ ಮತ್ತು ಬಿಎಸ್‌ಪಿ ಎಂಬ ಆರು ರಾಷ್ಟ್ರೀಯ ಪಕ್ಷಗಳನ್ನು ಸಾರ್ವಜನಿಕ ಪ್ರಾಧಿಕಾರಗಳೆಂದು ಘೋಷಿಸಿತು. ಅಂದರೆ ಹಣ ಎಲ್ಲಿಂದ ಬರುತ್ತದೆ, ಹೇಗೆ ಖರ್ಚಾಗುತ್ತದೆ ಎಂದು ಅರ್ಜಿ ಹಾಕಿ ಕೇಳಿದ ನಾಗರಿಕನಿಗೆ ಅವು ಉತ್ತರ ಕೊಡಬೇಕಿತ್ತು. ಆರರಲ್ಲಿ ಒಂದೂ ಆ ಆದೇಶವನ್ನು ಪಾಲಿಸಲಿಲ್ಲ. ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೂ ಹೋಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಯುಪಿಎ ಸರ್ಕಾರ, ಪಕ್ಷಗಳನ್ನು ಕಾಯ್ದೆಯಿಂದ ಹೊರಗಿಡುವ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು, ಮಸೂದೆ ಸ್ಥಾಯಿ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. 2015ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಎನ್‌ಡಿಎ ಸರ್ಕಾರ ಸಲ್ಲಿಸಿದ ಪ್ರಮಾಣಪತ್ರವೂ ಪಕ್ಷಗಳನ್ನು ಕಾಯ್ದೆಯ ವ್ಯಾಪ್ತಿಗೆ ತರಬಾರದೆಂದೇ ವಾದಿಸಿತು. ಪಾರದರ್ಶಕತೆಯ ಕಾಯ್ದೆ ತಂದದ್ದು ನಾವು ಎಂದು ಒಬ್ಬರು, ಪಾರದರ್ಶಕ ಆಡಳಿತ ಕೊಡುತ್ತೇವೆ ಎಂದು ಇನ್ನೊಬ್ಬರು ಚುನಾವಣೆಯಲ್ಲಿ ಭಾಷಣ ಮಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ.

ಇದಕ್ಕಿಂತ ಸ್ವಾರಸ್ಯದ್ದು ವಿದೇಶಿ ದೇಣಿಗೆಯ ಕಥೆ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಬ್ರಿಟನ್ನಿನ ವೇದಾಂತ ಸಮೂಹದ ಕಂಪನಿಗಳಿಂದ ಹಣ ಪಡೆದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು ತೀರ್ಪು ಕೊಟ್ಟಿತು. ಎರಡೂ ಪಕ್ಷಗಳು ಮೇಲ್ಮನವಿ ಸಲ್ಲಿಸಿದವು. 2016ರ ಹಣಕಾಸು ಕಾಯ್ದೆಯ ಒಳಗೆ ‘ವಿದೇಶಿ ಮೂಲ’ ಎಂಬ ಪದದ ವ್ಯಾಖ್ಯಾನವನ್ನೇ ಬದಲಿಸಿ, ಆ ಬದಲಾವಣೆ 2010ರಿಂದ ಪೂರ್ವಾನ್ವಯವಾಗುವಂತೆ ಮಾಡಲಾಯಿತು, ಪಕ್ಷಗಳು ಮೇಲ್ಮನವಿಗಳನ್ನು ಹಿಂದಕ್ಕೆ ಪಡೆದವು. ಆದರೆ ಪ್ರಶ್ನೆಗೊಳಗಾದ ದೇಣಿಗೆಗಳು 2010ಕ್ಕಿಂತ ಹಿಂದಿನವು. ಆದ್ದರಿಂದ 2018ರ ಹಣಕಾಸು ಮಸೂದೆಯಲ್ಲಿ ಆ ದಿನಾಂಕವನ್ನು ಇನ್ನೂ ಹಿಂದಕ್ಕೆ, 1976ರ ಆಗಸ್ಟ್ 5ಕ್ಕೆ, ಅಂದರೆ ಮೂಲ ಕಾಯ್ದೆ ಜಾರಿಗೆ ಬಂದ ದಿನಕ್ಕೇ ಒಯ್ಯಲಾಯಿತು. ಲೋಕಸಭೆ ಆ ಮಸೂದೆಯನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲದ ಲೆಕ್ಕಕ್ಕೆ ಒಂದೇ ಏಟಿಗೆ ಸುಣ್ಣ ಬಳಿದಂತಾಯಿತು. ಗದ್ದಲ ಯಾವುದಕ್ಕೆ ಎಂದು ಆ ದಿನಗಳಲ್ಲಿ ಟಿವಿ ನೋಡಿದವರಿಗೆ ನೆನಪಿರಬಹುದು. ಈ ತಿದ್ದುಪಡಿಗಂತೂ ಅಲ್ಲ.

ಉತ್ತರ 3: ತಕರಾರು

ಮಸಿಕುಡಿಕೆಯವರ ಮಾಹಿತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಹೋಗಿ ನಿಲ್ಲುವ ‘ಎಲ್ಲರೂ ಒಂದೇ’ ಎಂಬ ಭಾವ ಅಪಾಯಕಾರಿ, ಮತ್ತು ಅಧಿಕಾರದಲ್ಲಿ ಇರುವವರಿಗೆ, ಅವರು ಯಾರೇ ಆಗಿರಲಿ, ಬಹಳ ಅನುಕೂಲಕರ. ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್‌ಗಳನ್ನು ನೋಡಿ. 2018ರ ಜನವರಿಯಲ್ಲಿ ಅಧಿಸೂಚನೆಯಾದ ಆ ಯೋಜನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 15ರಂದು ಸರ್ವಾನುಮತದಿಂದ ರದ್ದು ಮಾಡಿತು. ಮಾರ್ಚ್‌ನಲ್ಲಿ ಹೊರಬಂದ ವಿವರಗಳ ಪ್ರಕಾರ ಬಾಂಡ್ ಹಣದ ಅತಿ ದೊಡ್ಡ ಪಾಲು ಬಿಜೆಪಿಗೆ ಹೋಗಿತ್ತು, ಅದಕ್ಕಿಂತ ಬಹಳ ಕಡಿಮೆ ಪಾಲಿನೊಂದಿಗೆ ತೃಣಮೂಲ ಕಾಂಗ್ರೆಸ್ ಮತ್ತು ಕಾಂಗ್ರೆಸ್ ನಂತರದ ಸ್ಥಾನಗಳಲ್ಲಿದ್ದವು. ಸಿಪಿಎಂ ಬಾಂಡ್ ಪಡೆಯಲಿಲ್ಲ, ಮೇಲಾಗಿ ಯೋಜನೆಯನ್ನು ಪ್ರಶ್ನಿಸಿದ ಅರ್ಜಿದಾರರಲ್ಲಿ ಅದೂ ಒಂದು. ಯೋಜನೆ ರೂಪಿಸಿದವರು, ಅದನ್ನು ಟೀಕಿಸುತ್ತಲೇ ಹಣ ಪಡೆದವರು, ಪಡೆಯದೆ ನ್ಯಾಯಾಲಯಕ್ಕೆ ಹೋದವರು ಎಂಬ ಈ ಮೂರು ವರ್ಗಗಳನ್ನು ಒಂದೇ ತಕ್ಕಡಿಗೆ ಹಾಕುವ ಪತ್ರಿಕೆ, ತಾನು ನಿಷ್ಪಕ್ಷಪಾತಿ ಎಂದುಕೊಂಡೇ ಒಬ್ಬರ ಪರವಾಗಿ ಕೆಲಸ ಮಾಡುತ್ತಿರುತ್ತದೆ. ಎರಡನೆಯ ವರ್ಗದ ಆಷಾಢಭೂತಿತನವನ್ನು ಹೇಳಬೇಡಿ ಎಂದು ನಾನು ಹೇಳುತ್ತಿಲ್ಲ. ಅಧಿಕಾರದಲ್ಲಿದ್ದು ಕಾನೂನು ಬರೆಯುವವರ ಇಬ್ಬಂದಿತನಕ್ಕೂ ಅದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ, ಅಷ್ಟೆ.

ಒಡೆತನದ ಮಾತನ್ನು ಯಾರೂ ಎತ್ತಿಲ್ಲ. ಸನ್ ಟಿವಿ 1993ರಲ್ಲಿ ಡಿಎಂಕೆ ನಾಯಕರ ಕುಟುಂಬದಿಂದ ಹುಟ್ಟಿತು, 1999ರಲ್ಲಿ ಎಐಎಡಿಎಂಕೆ ಕಡೆಯಿಂದ ಜಯಾ ಟಿವಿ ಬಂತು, 2000ದಲ್ಲಿ ಕೇರಳದಲ್ಲಿ ಸಿಪಿಎಂ ಬೆಂಬಲದ ಕೈರಳಿ ಆರಂಭವಾಯಿತು. ರಾಜಕೀಯ ಪಕ್ಷಗಳು ಪ್ರಸಾರ ಕ್ಷೇತ್ರಕ್ಕೆ ಬರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2008ರಲ್ಲಿಯೂ 2014ರಲ್ಲಿಯೂ ಶಿಫಾರಸು ಮಾಡಿತು. ಎರಡು ಬೇರೆ ಬೇರೆ ಸರ್ಕಾರಗಳ ಕಾಲದಲ್ಲಿ ಬಂದ ಆ ಶಿಫಾರಸುಗಳು ಕಾನೂನಾಗಲಿಲ್ಲ. (ಇಷ್ಟು ಬರೆದ ಮೇಲೆ, ಇದು ನನ್ನ ತಕರಾರಿಗಿಂತ ಮಸಿಕುಡಿಕೆಯವರ ವಾದಕ್ಕೇ ಹೆಚ್ಚು ಪುಷ್ಟಿ ಕೊಡುತ್ತದೆ ಎಂಬುದು ನನಗೂ ಗೊತ್ತಾಗುತ್ತಿದೆ. ಇರಲಿ.)

ಉತ್ತರ 4: ಮಸಿಕುಡಿಕೆ

ತಕರಾರು ಅವರ ತೂಕದ ಮಾತನ್ನು ಒಪ್ಪುತ್ತೇನೆ. ಕುರ್ಚಿ ಬದಲಾದಾಗ ಮಾತು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಸಂಗತಿಯನ್ನು ಸೇರಿಸುತ್ತೇನೆ. ಆನ್‌ಲೈನ್‌ನ ‘ಆಕ್ಷೇಪಾರ್ಹ’ ಬರಹಗಳಿಗೆ ಜೈಲು ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನು 2008ರಲ್ಲಿ ಯುಪಿಎ ತಂದದ್ದು. ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಟೀಕಿಸಿದ್ದ ಬಿಜೆಪಿ, ಅಧಿಕಾರಕ್ಕೆ ಬಂದ ಮೇಲೆ ಅದೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟಿನಲ್ಲಿ ಸಮರ್ಥಿಸಿಕೊಂಡಿತು. 2015ರ ಮಾರ್ಚ್ 24ರಂದು ನ್ಯಾಯಾಲಯ ಅದನ್ನು ರದ್ದು ಮಾಡಿದಾಗ ಎರಡೂ ಪಕ್ಷಗಳ ನಾಯಕರು ಅದನ್ನು ಸ್ವಾಗತಿಸಿದರು.

ನಮ್ಮ ವಿಧಾನಸಭೆಯನ್ನೂ ಮರೆಯುವುದು ಬೇಡ. 2017ರ ಜೂನ್‌ನಲ್ಲಿ ಹಕ್ಕುಚ್ಯುತಿಯ ಆಧಾರದ ಮೇಲೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಲಾಯಿತು. ಅವರ ವಿರುದ್ಧ ದೂರು ಕೊಟ್ಟಿದ್ದ ಶಾಸಕರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಬಿಜೆಪಿಯವರೂ ಇದ್ದರು. ಆ ಬರಹಗಳ ಗುಣಮಟ್ಟ ಏನೇ ಇರಲಿ, ದೂರುದಾರರೂ ನ್ಯಾಯಾಧೀಶರೂ ಒಂದೇ ಸದನದವರಾಗಿದ್ದರು ಎಂಬುದು ಸಾಮಾನ್ಯ ಸಂಗತಿಯಲ್ಲ.

ಉತ್ತರ 5: ಮಾಜಿ ಉಪಸಂಪಾದಕ

ಒಮ್ಮತದ ಸುದ್ದಿ ಯಾಕೆ ಬದುಕುವುದಿಲ್ಲ ಎಂಬುದಕ್ಕೆ ಸುದ್ದಿಮನೆಯ ಒಳಗಿನ ಕಾರಣವೊಂದನ್ನು ಹೇಳಿ ಮುಗಿಸುತ್ತೇನೆ. ವರದಿಗಾರರನ್ನು ನಾವು ಪಕ್ಷವಾರು ಹಂಚಿರುತ್ತೇವೆ: ಕಾಂಗ್ರೆಸ್ ನೋಡಿಕೊಳ್ಳುವವರು ಒಬ್ಬರು, ಬಿಜೆಪಿ ನೋಡಿಕೊಳ್ಳುವವರು ಒಬ್ಬರು. ಒಂದು ಪಕ್ಷ ಏನಾದರೂ ಹೇಳಿದರೆ ಇನ್ನೊಂದು ಪಕ್ಷದ ಪ್ರತಿಕ್ರಿಯೆ ತಂದು ಸೇರಿಸುವುದನ್ನೇ ಸಮತೋಲನ ಎಂದು ನಮಗೆ ಕಲಿಸಲಾಗಿದೆ, ನಾವೂ ಕಿರಿಯರಿಗೆ ಅದನ್ನೇ ಕಲಿಸಿದ್ದೇವೆ. ಎರಡೂ ಪಕ್ಷಗಳು ಒಪ್ಪಿಕೊಂಡ ವಿಷಯದಲ್ಲಿ ಪ್ರತಿಕ್ರಿಯೆ ಕೊಡುವವರೇ ಇರುವುದಿಲ್ಲ. ಪ್ರತಿಕ್ರಿಯೆ ಇಲ್ಲದ ಸುದ್ದಿ ಮರುದಿನಕ್ಕೆ ಮುಂದುವರಿಯುವುದಿಲ್ಲ. ಸಂಜೆಯ ಟಿವಿ ಚರ್ಚೆಗಂತೂ ಎದುರುಬದುರು ಕೂರಿಸಲು ಇಬ್ಬರು ಸಿಗುವುದೇ ಇಲ್ಲ. ಇದಕ್ಕೆ ಯಾರ ಪಿತೂರಿಯೂ ಬೇಕಿಲ್ಲ. ಕೆಲಸ ಹಂಚುವ ಪಟ್ಟಿಯೇ ಸಾಕು.

ಪ್ರಶ್ನೆ ಕೇಳಿದವರ ಮರುಮಾತು: ನಿಧಾನ ಓದುಗ

ಎಲ್ಲರಿಗೂ ಧನ್ಯವಾದಗಳು. ಮಸಿಕುಡಿಕೆಯವರು ಹೇಳಿದ ವಿದೇಶಿ ದೇಣಿಗೆಯ ತಿದ್ದುಪಡಿಗೆ ನನ್ನ ಎರಡು ಪತ್ರಿಕೆಗಳು ಎಷ್ಟು ಜಾಗ ಕೊಟ್ಟಿದ್ದವು ಎಂದು ನೋಡಲು ನಿನ್ನೆ ರಾತ್ರಿ 2018ರ ಕಡತವನ್ನು ತೆರೆದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹದಿನಾಲ್ಕು ತುಣುಕುಗಳಿವೆ, ಎಲ್ಲವೂ ಚುನಾವಣೆಗೆ ಮುಂಚಿನ ಪಕ್ಷಾಂತರದ್ದು, ಟಿಕೆಟ್ ಜಗಳದ್ದು. ತಿದ್ದುಪಡಿಯ ಸುದ್ದಿ ಒಂದೂ ಇಲ್ಲ. ಪತ್ರಿಕೆಗಳು ಅದನ್ನು ಪ್ರಕಟಿಸಿರಲಿಲ್ಲವೋ, ಅಥವಾ ಪ್ರಕಟವಾಗಿದ್ದನ್ನು ನಾನೇ ಕತ್ತರಿಸದೆ ಪುಟ ತಿರುವಿದ್ದೆನೋ ಎಂದು ಈಗ ಹೇಳಲಾರೆ; ಹಳೆಯ ಪತ್ರಿಕೆಗಳೆಲ್ಲ ಆಗಲೇ ರದ್ದಿಗೆ ಹೋಗಿವೆ.