ಕ್ಷಮೆ ಸಿಕ್ಕಮೇಲೂ ಮನಸ್ಸು ಹಗುರಾಗದಿದ್ದರೆ?

ಪ್ರಶ್ನೆ (ಬಳ್ಳಾರಿ): ನಮ್ಮ ಚರ್ಚಿನ ಹಿರಿಯರೊಬ್ಬರು ಪ್ರತಿ ಪಾಪನಿವೇದನೆಯಲ್ಲೂ (ಕ್ಯಾಥೊಲಿಕರು ಗುರುಗಳ ಮುಂದೆ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯುವ ವಿಧಿ) ಅದೇ ಹಳೇ ತಪ್ಪು ಹೇಳುತ್ತಾರೆ. ಎಲ್ಲಿ ಎಡವಟ್ಟಾಗುತ್ತಿದೆ?

ಉತ್ತರ 1: ಗುರುಗಳು ಪಾಪವಿಮೋಚನೆಯ ಮಾತು ಹೇಳಿದರೆಂದರೆ ಅದು ಮುಗಿಯಿತು, ಮತ್ತೆ ಹೇಳಬೇಕಿಲ್ಲ. ನಿವೇದನೆಯಲ್ಲಿ ಅವರು ಮಾಡಬೇಕಾದದ್ದು ಇಷ್ಟೇ: ಆತ್ಮಶೋಧನೆ, ಪಶ್ಚಾತ್ತಾಪ, ಆಮೇಲೆ ಗಂಭೀರ ಪಾಪಗಳು ಯಾವುವು, ಎಷ್ಟು ಸಲ ಎಂಬ ಅರಿಕೆ, ಕೊನೆಗೆ ಕೊಟ್ಟ ಪ್ರಾಯಶ್ಚಿತ್ತ. ಮರೆತದ್ದಕ್ಕೂ ಕ್ಷಮೆ ಉಂಟು. ಗಂಭೀರವಾದದ್ದು ನೆನಪಾದರೆ ಮುಂದಿನ ಸಲ ಹೇಳಲಿ. ಬೇಕಂತಲೇ ಮುಚ್ಚಿಟ್ಟರೆ ನಿವೇದನೆಯೇ ಕೆಡುತ್ತದೆ.

ಉತ್ತರ 2 (ರಾಯಚೂರು): ಯಾರದಾದರೂ ದುಡ್ಡು ಉಳಿಸಿಕೊಂಡಿದ್ದಾರಾ ಕೇಳಿ. ವಾಪಸು ಕೊಡದೆ ಮನಸ್ಸು ಬಿಡುವುದಿಲ್ಲ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8).

ಉತ್ತರ 3 (ಕೊಪ್ಪಳ): ನಾವು ಪ್ರೊಟೆಸ್ಟಂಟರು ನೇರ ದೇವರಿಗೇ ಅರಿಕೆ ಮಾಡುತ್ತೇವೆ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ ಬೈಬಲ್ ವಚನ 1 ಯೋಹಾನ 1:9 ಅವರಿಗೆ ತೋರಿಸಿ: ಅಲ್ಲಿ ಆಧಾರ ದೇವರ ನಂಬಿಗಸ್ತಿಕೆ, ನಮ್ಮ ಭಾವನೆಯಲ್ಲ.