ಲೋಕಾಯುಕ್ತ ಪೊಲೀಸರು ಯಾರ ಅಧೀನದಲ್ಲಿದ್ದಾರೆ?

ಪ್ರಶ್ನೆ
ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ನ್ನು ಓದುತ್ತಿದ್ದೇನೆ. ಮಂತ್ರಿಗಳಿಂದ ಹಿಡಿದು ಗ್ರಾಮ ಆಡಳಿತಾಧಿಕಾರಿಯವರೆಗೆ ಎಲ್ಲರ ಮೇಲಿನ ಆರೋಪಗಳನ್ನೂ ವಿಚಾರಿಸುವ ಸಂಸ್ಥೆಗೆ ಹಣ ಒದಗಿಸುವುದು, ಹುದ್ದೆ ಮಂಜೂರು ಮಾಡುವುದು, ಪೊಲೀಸರನ್ನು ನಿಯೋಜಿಸುವುದು, ಈ ಮೂರೂ ಸರ್ಕಾರದ ಕೈಯಲ್ಲೇ ಇವೆ. ಹೀಗಿರುವಾಗ ಅನುದಾನ ಹೆಚ್ಚಿಸಿದ ಮಾತ್ರಕ್ಕೆ ಸಂಸ್ಥೆ ಬಲಗೊಳ್ಳುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಕಾಯ್ದೆಯ 15ನೇ ಕಲಮನ್ನು ಗಮನಿಸಿ. ಸಿಬ್ಬಂದಿಯ ಮೇಲಿನ ಆಡಳಿತಾತ್ಮಕ ಹಾಗೂ ಶಿಸ್ತಿನ ನಿಯಂತ್ರಣ ಲೋಕಾಯುಕ್ತರದೇ. ಹಣದ ವಿಷಯದಲ್ಲಿ ಕೇಂದ್ರದ ಲೋಕಪಾಲ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ: ಅದರ 13ನೇ ಕಲಮಿನಂತೆ ಲೋಕಪಾಲದ ಆಡಳಿತ ವೆಚ್ಚವೆಲ್ಲ ಭಾರತದ ಸಂಚಿತ ನಿಧಿಯ ಮೇಲೆಯೇ ಬೀಳುತ್ತದೆ, ಅಂದರೆ ಅದನ್ನು ಸಂಸತ್ತಿನ ಮತಕ್ಕೆ ಹಾಕುವುದಿಲ್ಲ.

ಉತ್ತರ 2
ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ದೊಡ್ಡ ಪ್ರಶ್ನೆ ತನಿಖಾಧಿಕಾರಿ ಎಷ್ಟು ಕಾಲ ಅಲ್ಲಿರುತ್ತಾರೆ ಎಂಬುದು. ಲಂಚ ಪಡೆಯುವಾಗಲೇ ಹಿಡಿಯುವ ಒಂದು ಟ್ರ್ಯಾಪ್ ಪ್ರಕರಣವನ್ನೇ ನೋಡಿ. ಫಿನಾಲ್ಫ್ತಲೀನ್ ಪುಡಿ ಸವರಿದ ನೋಟುಗಳನ್ನು ದೂರುದಾರರ ಕೈಗೆ ಕೊಡಬೇಕು. ಲಂಚ ಪಡೆದವರ ಬೆರಳುಗಳನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಪಂಚರು ಕಣ್ಣಾರೆ ಕಾಣಬೇಕು. ಆ ಬಾಟಲಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಇಷ್ಟು ಒಂದೇ ದಿನದ ಕೆಲಸ. ಅನಂತರ ವರದಿ, ಅಭಿಯೋಜನಾ ಮಂಜೂರಾತಿ (ಮೊಕದ್ದಮೆ ಹೂಡಲು ಅನುಮತಿ), ದೋಷಾರೋಪಣೆ ಪಟ್ಟಿ ಎಂದು ತಿಂಗಳುಗಳು ಉರುಳುತ್ತವೆ. ಆ ನಡುವೆ ಅಧಿಕಾರಿಯ ವರ್ಗಾವಣೆಯಾದರೆ ಹೊಸಬರು ಕಡತವನ್ನು ಮೊದಲ ಪುಟದಿಂದ ಓದಬೇಕಾಗುತ್ತದೆ, ಮತ್ತು ವಿಚಾರಣೆಯಲ್ಲಿ ಲಾಭವಾಗುವುದು ಆರೋಪಿಗೆ.

2016ರ ಮಾರ್ಚ್‌ನಲ್ಲಿ ಸರ್ಕಾರವು ಒಂದು ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿದ ಮೇಲೆ ಲೋಕಾಯುಕ್ತ ಪೊಲೀಸರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಇದ್ದ ಅಧಿಕಾರವೇ ಹೋಯಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಪ್ರಕರಣಗಳನ್ನು ಲೋಕಾಯುಕ್ತಕ್ಕೆ ಮರಳಿಸಿತು. ತನಿಖೆಯಲ್ಲಿ ನೆರವಾಗುವ ಅಧಿಕಾರಿಗಳನ್ನು ಸಂಸ್ಥೆಯ ಒಪ್ಪಿಗೆಯಿಲ್ಲದೆ ಕನಿಷ್ಠ ಮೂರು ವರ್ಷ ವರ್ಗಾಯಿಸಬಾರದು ಎಂದೂ ಅದೇ ತೀರ್ಪು ಹೇಳಿದೆ. ನನಗೆ ಇಡೀ ತೀರ್ಪಿನಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಇದೇ, ಏಕೆಂದರೆ ಆಗಾಗ ಬದಲಾಗುವ ಕೈಗಳಿಗೆ ಎಷ್ಟು ಅನುದಾನ ಕೊಟ್ಟರೂ ತನಿಖೆ ದಡ ಸೇರುವುದಿಲ್ಲ.

ಉತ್ತರ 3
ಪೊಲೀಸ್ ವಿಭಾಗದಷ್ಟೇ ಮುಖ್ಯವಾದ, ಆದರೆ ಸುದ್ದಿಯಾಗದ ವಿಚಾರಣಾ ವಿಭಾಗವೂ ಅಲ್ಲಿದೆ. ಸರ್ಕಾರಿ ನೌಕರರ ಶಿಸ್ತು ಕ್ರಮಕ್ಕೆ ಸಂಬಂಧಿಸಿದ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮ 14-ಎ ಅಡಿ ಸರ್ಕಾರ ವಹಿಸುವ ಇಲಾಖಾ ವಿಚಾರಣೆಗಳನ್ನು ನಿಯೋಜನೆಯ ಮೇಲೆ ಬಂದ ಜಿಲ್ಲಾ ನ್ಯಾಯಾಧೀಶರು ನಡೆಸುತ್ತಾರೆ. ದಂಡನೆಗೆ ಶಿಫಾರಸು ಮಾಡುವವರೆಗಷ್ಟೇ ಸಂಸ್ಥೆಯ ಅಧಿಕಾರ. ಆದೇಶ ಹೊರಡಿಸುವುದು ಸರ್ಕಾರ. ಆದ್ದರಿಂದ ಹುದ್ದೆಗಳ ಜೊತೆಗೆ, ಒಪ್ಪಿದ ಶಿಫಾರಸುಗಳೆಷ್ಟು, ತಿರಸ್ಕರಿಸಿದವೆಷ್ಟು ಎಂಬ ಲೆಕ್ಕವನ್ನೂ ಕೇಳಿ.