ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಜಕ್ಕೂ ಎಷ್ಟು ದೂರ?

ಸಾಗರದ ಅಮ್ಮ:
ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಹೋಸೆಯಲ್ಲಿದ್ದಾಳೆ. ಬಾಣಂತನಕ್ಕೆ ಹೊರಟಿದ್ದೇನೆ. ಅಷ್ಟು ದೂರ ಒಬ್ಬಳೇ ಹೋಗುವುದು ಇದೇ ಮೊದಲು. ನಡುಮನೆಯ ಪ್ರಪಂಚದ ನಕ್ಷೆ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಗೆರೆ ಅರಬ್ಬೀ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಅಳಿಯ ಮಾತ್ರ "ಅತ್ತೆ, ಹತ್ತಿರದ ದಾರಿ ಸೈಬೀರಿಯಾ ಮೇಲೆ, 14,000 ಕಿಲೋಮೀಟರ್" ಅಂತಾರೆ. ಅಮೆರಿಕಕ್ಕೆ ಹೋಗಲು ಹಿಮದ ಕಡೆ ಯಾಕೆ ಹೋಗಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಭೂಗೋಳದ ಮೇಷ್ಟ್ರು:
ಅಳಿಯಂದಿರು ಹೇಳಿದ್ದು ಸರಿ ಅಮ್ಮ. ಲೆಕ್ಕ ಹಾಕಿದರೆ 13,990 ಕಿ.ಮೀ. ಚಿಲ್ಲರೆ ಬರುತ್ತದೆ. ನೀವು ಸ್ಕೇಲ್ ಇಟ್ಟ ದಾರಿಯಲ್ಲಿ ಹೋದರೆ ಸುಮಾರು 20,000 ಆಗುತ್ತದೆ!

ಗೋಡೆಯ ನಕ್ಷೆ ಮೇಲಕ್ಕೆ ಹೋದಷ್ಟೂ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಅಂದರೆ 111 ಕಿ.ಮೀ. 60 ಡಿಗ್ರಿ ಉತ್ತರದಲ್ಲಿ ಅದರ ಅರ್ಧ. ನಕ್ಷೆಯಲ್ಲಿ ಎರಡೂ ಒಂದೇ ಅಗಲ. ನಮ್ಮ ಎರಡು ಊರುಗಳ ನಡುವೆ 160 ಡಿಗ್ರಿ ಇದೆ, ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗಲು. ಹಾಗಾಗಿ ನೆತ್ತಿಯ ಹತ್ತಿರ ಹಾಯುವುದೇ ಲಾಭ.

ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ನೂಲು ಹಿಡಿದು ಬಿಗಿಯಾಗಿ ಎಳೆಯಿರಿ. ನನ್ನ ಮಕ್ಕಳಿಗೆಲ್ಲ ತರಗತಿಯಲ್ಲಿ ಹೀಗೇ ಮಾಡಿಸುತ್ತಿದ್ದೆ. ನೂಲು ತಾನಾಗಿ ಜಾರಿ ನಿಲ್ಲುವ ಜಾಗವೇ ಹತ್ತಿರದ ದಾರಿ.

ಹಾಸನದವಳು, ಫ್ರೀಮಾಂಟ್:
ಆಂಟಿ, ವಿಮಾನ ಆ ನೂಲಿನ ಮೇಲೇ ಹೋಗುತ್ತದೆ ಅಂದುಕೊಳ್ಳಬೇಡಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದನ್ನು ನೋಡಿಕೊಂಡು ದಿನಾ ದಾರಿ ಹಾಕುತ್ತಾರೆ. ಟಿಬೆಟ್ ಕಡೆ ಸಾಮಾನ್ಯವಾಗಿ ಸುತ್ತಿ ಹೋಗುತ್ತಾರೆ. ಒಳಗಿನ ಗಾಳಿಯ ಒತ್ತಡ ಬಿದ್ದರೆ ವಿಮಾನ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ ಅಲ್ವಾ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಜೊತೆಗಿದ್ದ ಪೈಲಟ್‌ಗಳೂ ಎಲ್ಲ ಹೆಂಗಸರೇ. ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿಳಿದರು. ಆ ಸುದ್ದಿ ನೋಡಿ ನನಗೆ ಕಣ್ಣು ತುಂಬಿತ್ತು.

ಸಾಗರದ ಅಮ್ಮ:
ಮೇಷ್ಟ್ರೇ, ಪಕ್ಕದ ಮನೆ ಹುಡುಗನ ಗ್ಲೋಬ್ ಇಸ್ಕೊಂಡು ಬಂದೆ. ರವಿಕೆ ಹೊಲಿಯುವ ಕೆಂಪು ನೂಲು ಹಿಡಿದೆ. ಮೊದಲು ಸುಮ್ನೆ ಪೆಸಿಫಿಕ್ ಮೇಲೆ ಇಟ್ಟಿದ್ದೆ. ಎಳೆದ ಕೂಡಲೇ ಸರ್ರನೆ ಮೇಲಕ್ಕೆ ಜಾರಿ ಸೈಬೀರಿಯಾದ ತುದಿಗೆ ಹೋಗಿ ನಿಂತಿತು! ಆಮೇಲೆ ಅಲಾಸ್ಕಾ ಮೇಲಿಂದ ಇಳಿದು ಮಗಳ ಊರು.

ಅಳೆದೆ. ನೂಲು 33 ಸೆಂಟಿಮೀಟರ್, ಗ್ಲೋಬಿನ ಸುತ್ತಳತೆ 94. ಭೂಮಿಯ ಸುತ್ತಳತೆ 40,000 ಅಂತ ಹುಡುಗ ಹೇಳಿದ. ಗುಣಿಸಿ ಭಾಗಿಸಿದರೆ 14,042 ಬಂತು. ಆ ನೂಲನ್ನು ಸುತ್ತಿ ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡಿದ್ದೇನೆ. ಮಗಳಿಗೆ ತೋರಿಸಬೇಕು.